ಹಾಸಿಗೆ ನೋಡುವ ಮೊದಲು ತೂಕದ ಚೀಟಿ ಕೇಳಿ

ಶಿವಮೊಗ್ಗದಲ್ಲಿ ಕೆಲಸ ಹುಡುಕುತ್ತಿರುವ ನಾಲ್ಕು ಹುಡುಗರು ಸೇರಿದರೆ ಕ್ಯಾಂಪರ್‌ವ್ಯಾನ್ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಒಂದು ಹಳೇ ಟಿಟಿ ಕೊಂಡು, ಒಳಗೆ ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ ಮಾಡಿಸಿ, ಜೋಗ, ಕೊಡಚಾದ್ರಿ, ಆಗುಂಬೆ ನೋಡಲು ಬರುವವರಿಗೆ ಬಾಡಿಗೆಗೆ ಬಿಡುವ ಯೋಚನೆ ಅದು. ಯೋಚನೆ ಕೆಟ್ಟದ್ದೇನಲ್ಲ. ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ಬದಲು ಬೆಂಗಳೂರಿನವರನ್ನೇ ಇಲ್ಲಿಗೆ ಕರೆಸಿಕೊಳ್ಳುವುದು ಒಳ್ಳೆಯದೇ.

ನನ್ನ ದೊಡ್ಡಪ್ಪನ ಮಗನೂ ಇದೇ ಲೆಕ್ಕಾಚಾರದಲ್ಲಿದ್ದಾನೆ. ಡಿಗ್ರಿ ಮುಗಿದು ಎರಡು ವರ್ಷವಾಯಿತು. ಬ್ಯಾಂಕ್ ಸಾಲ ಒಂದಿಷ್ಟು, ದೊಡ್ಡಮ್ಮನ ಒಡವೆ ಅಡವಿಟ್ಟು ಒಂದಿಷ್ಟು ಎಂದು ಹೊಂದಿಸಿದ್ದಾನೆ. ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ ಎಂಬ ಕಾರಣಕ್ಕೆ ಗಾಡಿ ನೋಡಲು ಹೋಗುವಾಗಲೆಲ್ಲ ನನ್ನನ್ನೂ ಕರೆದೊಯ್ಯುತ್ತಾನೆ. ಮೂರು ತಿಂಗಳಲ್ಲಿ ಐದು ಗಾಡಿ ನೋಡಿದ್ದೇವೆ. ಎಲ್ಲ ಕಡೆಯೂ ನಮಗೆ ಮೊದಲು ತೋರಿಸಿದ್ದು ಬಣ್ಣದ ಎಲ್‌ಇಡಿ ದೀಪ, ಟಿವಿ ಮತ್ತು ಮೆತ್ತನೆಯ ಹಾಸಿಗೆ. ‘ಈ ಗಾಡಿ ಖಾಲಿ ಇದ್ದಾಗ ಎಷ್ಟು ತೂಗುತ್ತದೆ?’ ಎಂಬ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಒಬ್ಬರಂತೂ ‘ಏನ್ ತಮ್ಮಾ, ಗಾಡಿ ತಗೋತಿದೀರೋ, ಗುಜರಿಗೆ ಹಾಕ್ತಿದೀರೋ?’ ಎಂದು ನಕ್ಕರು.

ನನ್ನ ಅಭಿಪ್ರಾಯ ಇಷ್ಟೇ: ನಾವು ಹದಿನೈದು ಸಾವಿರದ ಫೋನ್ ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಗಳನ್ನು ಹದಿನೈದು ಲಕ್ಷದ ಗಾಡಿ ಕೊಳ್ಳುವಾಗ ಕೇಳುತ್ತಿಲ್ಲ. ಆ ಗಾಡಿಯಲ್ಲಿ ನಮ್ಮನ್ನು ನಂಬಿ ಮಲಗುವವರು ಬೇರೆಯವರ ಮನೆಯ ಮಕ್ಕಳು ಎಂಬುದನ್ನೂ ಮರೆಯುತ್ತಿದ್ದೇವೆ.

ಭದ್ರಾವತಿ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟಿಟಿ ಡಿಕ್ಕಿ ಹೊಡೆದು 13 ಜನ ತೀರಿಕೊಂಡರು. ದೇವರ ದರ್ಶನ ಮುಗಿಸಿ ಎಮ್ಮೆಹಟ್ಟಿಗೆ ಮರಳುತ್ತಿದ್ದವರು ಅವರು. ಆ ವಾಹನದಲ್ಲಿ ದೋಷವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಅಂಥ ಕ್ಷಣದಲ್ಲಿ ಒಳಗಿರುವವರಿಗೆ ಉಳಿಯುವ ಆಸರೆ ಗಾಡಿಯ ಬಾಡಿ, ಸೀಟು ಮತ್ತು ಬೆಲ್ಟ್ ಮಾತ್ರ. ಕ್ಯಾಂಪರ್‌ವ್ಯಾನ್ ಮಾಡುವಾಗ ನಾವು ಬಿಚ್ಚಿ, ಕೊಯ್ದು, ಬದಲಿಸುವುದು ಇವನ್ನೇ.

ಕಾರು ಕೊಳ್ಳುವವರು ಈಗ ಸ್ಟಾರ್ ನೋಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಇರುವುದು 3.5 ಟನ್ ಒಳಗಿನ ಕಾರುಗಳಿಗೆ. ಟಿಟಿ ಮೇಲೆ ಕಟ್ಟಿದ ಕ್ಯಾಂಪರ್‌ವ್ಯಾನ್‌ಗೆ ಸ್ಟಾರ್ ಹುಡುಕಿದರೆ ಸಿಗುವುದಿಲ್ಲ. ಹಾಗೆಂದು ನಿಯಮವೇ ಇಲ್ಲ ಎಂದಲ್ಲ. ಬಸ್ ಬಾಡಿಗೆ ಎಐಎಸ್-052 ಇರುವಂತೆ ಮೋಟಾರು ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಮೊದಲ ಪ್ರಶ್ನೆ ಆರ್‌ಸಿಯದ್ದು. ಅದರಲ್ಲಿ ಬಾಡಿ ಬಗೆ ಮತ್ತು ಸೀಟುಗಳ ಸಂಖ್ಯೆ ಏನೆಂದು ಬರೆದಿದೆ? ಕಣ್ಣಿಗೆ ಕಾಣುವುದಕ್ಕೂ ಅದಕ್ಕೂ ಹೊಂದಿಕೆ ಇದೆಯೇ? ಹೊಂದದಿದ್ದರೆ ನಾಳೆ ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ತಕರಾರು ಅದೇ.

ಎರಡನೆಯದು ತೂಕ. ಆರ್‌ಸಿಯಲ್ಲಿ ಗಾಡಿ ತಡೆಯಬಹುದಾದ ಗರಿಷ್ಠ ಒಟ್ಟು ತೂಕ ಇರುತ್ತದೆ. ಪ್ಲೈವುಡ್, ಫ್ರಿಡ್ಜ್, ಎಸಿ, ಬ್ಯಾಟರಿ ಎಲ್ಲ ಸೇರಿದ ಮೇಲೆ ಅದರಲ್ಲಿ ಉಳಿಯುವುದೆಷ್ಟು? ನಾವು ನೋಡಿದ ಒಂದು ಗಾಡಿಯನ್ನು ಒತ್ತಾಯ ಮಾಡಿ ವೇಬ್ರಿಡ್ಜ್‌ಗೆ ಒಯ್ದೆವು. ಉಳಿದದ್ದು 380 ಕೆ.ಜಿ. ಜನ ಆರು ಎಂದರೆ, ತಲೆಗೆ 65 ಹಿಡಿದರೂ 390. ಲಗೇಜು ಬೇರೆ. ನೂರು ಲೀಟರಿನ ಟ್ಯಾಂಕು ತುಂಬಿದರೆ ನೀರೇ ನೂರು ಕೆ.ಜಿ. ಅಂದರೆ ಪ್ರವಾಸಿಗರು ಹತ್ತಿದ ಕೂಡಲೇ ಗಾಡಿ ಓವರ್‌ಲೋಡ್. ಬ್ರೇಕು, ಟಯರು, ಸಸ್ಪೆನ್ಷನ್ ಎಲ್ಲವನ್ನೂ ಮೀರಿದ ಭಾರ ಅದು. ಎಸಿ, ಸೋಲಾರ್ ಪ್ಯಾನೆಲ್, ಕ್ಯಾರಿಯರ್ ಎಲ್ಲ ತಾರಸಿಯ ಮೇಲೆ ಕೂತರೆ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಅದರ ಪರಿಣಾಮ ಸವಳಂಗ ರಸ್ತೆಯಲ್ಲಿ ಗೊತ್ತಾಗದಿರಬಹುದು. ಆಗುಂಬೆ ಘಾಟಿಯ ತಿರುವಿನಲ್ಲಿ ಗೊತ್ತಾಗುತ್ತದೆ.

ಮೂರನೆಯದು, ಯಾವುದು ಯಾವುದಕ್ಕೆ ಬಿಗಿದಿದೆ ಎಂಬುದು. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಡಿಕ್ಕಿಯಾಗಿ ಒಂದು ಮೀಟರ್ ದೂರದಲ್ಲಿ ನಿಂತುಬಿಟ್ಟರೆ ಒಳಗಿನ ವಸ್ತುಗಳನ್ನು ಹಿಡಿದಿಡಲು ಅವುಗಳ ತೂಕದ ಸುಮಾರು 14 ಪಟ್ಟು ಬಲ ಬೇಕು. ಇದು ಪಿಯುಸಿ ಫಿಸಿಕ್ಸ್, ನೀವೇ ಲೆಕ್ಕ ಹಾಕಿ ನೋಡಬಹುದು. ತುಂಬಿದ ಮನೆಬಳಕೆ ಸಿಲಿಂಡರ್ ಸುಮಾರು 30 ಕೆ.ಜಿ. ಅದನ್ನು ಹಿಡಿದಿಡಲು 400 ಕೆ.ಜಿ.ಗೂ ಮೀರಿದ ಬಲ ಬೇಕು. ನಾವು ನೋಡಿದ ಎರಡು ಗಾಡಿಗಳಲ್ಲಿ ಅದು ನಿಂತಿದ್ದು ಒಂದು ಹಗ್ಗದ ಮೇಲೆ. ಇನ್ನೊಂದರಲ್ಲಿ ಸೀಟಿನ ಬೋಲ್ಟ್ ಚಾಸಿಗೆ ಮುಟ್ಟಿರಲೇ ಇಲ್ಲ, ಪ್ಲೈವುಡ್‌ಗೆ ತಿರುಗಿಸಿ ಬಿಟ್ಟಿದ್ದರು. ಗಾಡಿಯ ಕೆಳಗೆ ಮಲಗಿ ಮೊಬೈಲ್ ಟಾರ್ಚ್ ಬಿಟ್ಟರೆ ಇದು ಎರಡು ನಿಮಿಷದಲ್ಲಿ ಕಾಣುತ್ತದೆ. ಕಿಟಕಿಗಾಗಿ ಪಕ್ಕದ ಕಂಬ ಕೊಯ್ದಿದ್ದಾರೆಯೇ, ಕೊಯ್ದ ಕಡೆ ಚೌಕಟ್ಟು ಕೂರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು.

ನಾಲ್ಕನೆಯದು ಬೆಂಕಿ ಮತ್ತು ಗಾಳಿ. 2023ರ ಆಗಸ್ಟ್‌ನಲ್ಲಿ ಮದುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯೊಳಗೆ ಸಿಲಿಂಡರ್ ಇಟ್ಟುಕೊಂಡಿದ್ದರಿಂದ ಬೆಂಕಿ ಹೊತ್ತಿ 9 ಜನ ಸತ್ತರು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಸಿಕ್ಕರು. ಕೋಯಿಕ್ಕೋಡ್ ಎನ್‌ಐಟಿಯ ತಜ್ಞರು ಅದೇ ಗಾಡಿಯಲ್ಲಿ ಪರೀಕ್ಷೆ ಮಾಡಿದಾಗ ತಿಳಿದದ್ದು: ಜನರೇಟರ್‌ನ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ತೂತಿನಿಂದ ಒಳಗೆ ಸೇರಿತ್ತು. ಅಲ್ಲಿ ಡಿಕ್ಕಿಯೂ ಆಗಿರಲಿಲ್ಲ, ವೇಗವೂ ಇರಲಿಲ್ಲ. ನೆಲದ ಒಂದು ತೂತು ಎರಡು ಜೀವ ತೆಗೆಯಿತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ಇದೆಯೇ? ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದು ಹೊರಹೋಗಲು ಸಿಲಿಂಡರ್ ಗೂಡಿನ ಕೆಳಭಾಗದಲ್ಲಿ ಹೊರಕ್ಕೆ ದಾರಿ ಇದೆಯೇ? ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇದೆಯೇ? ಮುಖ್ಯ ಬಾಗಿಲು ಜಾಮ್ ಆದರೆ ಮಲಗಿದವರು ಹೊರಬರಲು ಇನ್ನೊಂದು ದಾರಿ ಎಲ್ಲಿದೆ?

‘ಇಷ್ಟೆಲ್ಲ ನೋಡುತ್ತ ಕೂತರೆ ಗಾಡಿ ಕೊಂಡ ಹಾಗೇ’ ಎನ್ನುತ್ತಾರೆ ಗೆಳೆಯರು. ‘ನಮ್ಮ ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ’ ಎನ್ನುತ್ತಾರೆ ಮಾರುವವರು. ಮೇಸ್ತ್ರಿಯ ಕೈಗುಣದ ಬಗ್ಗೆ ನನಗೆ ಗೌರವವಿದೆ. ಸಾಗರ ರಸ್ತೆಯ ಗ್ಯಾರೇಜುಗಳಲ್ಲಿ ನಾನು ಕಲಿತದ್ದು ಕಡಿಮೆಯೇನಲ್ಲ. ಆದರೆ ಅನುಭವ ಇದ್ದವರ ಕೆಲಸವನ್ನು ಪರೀಕ್ಷಿಸಬಾರದು ಎಂದು ಯಾವ ಊರಿನವರು ಹೇಳಿದರೂ ಭದ್ರಾವತಿಯವರು ಹೇಳುವಂತಿಲ್ಲ. 1923ರಲ್ಲಿ ಕುಲುಮೆ ಹೊತ್ತಿಸಿದ ಮೈಸೂರು ಕಬ್ಬಿಣ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್, ನಮ್ಮ ಊರನ್ನು ಕಟ್ಟಿತು. ನಮ್ಮಜ್ಜ ಅಲ್ಲಿನ ಪರೀಕ್ಷಾ ವಿಭಾಗದಲ್ಲಿದ್ದರು. ಉಕ್ಕು ಕರಗಿಸುವವರು ಎಷ್ಟೇ ಹಳಬರಾಗಿರಲಿ, ಪ್ರತಿ ಹೀಟ್‌ಗೂ ಒಂದು ನಂಬರ್, ಒಂದು ತುಂಡು ಮಾದರಿ, ಒಂದು ಟೆಸ್ಟ್ ಸರ್ಟಿಫಿಕೇಟ್. ಅದಿಲ್ಲದೆ ಕಂಬಿ ಗೇಟು ದಾಟುತ್ತಿರಲಿಲ್ಲ. ‘ಹೊಳಪು ನೋಡಿ ಉಕ್ಕು ಕೊಳ್ಳೋರು ಯಾರಿದಾರೋ?’ ಎಂದು ಅಜ್ಜ ಈಗಲೂ ಕೇಳುತ್ತಾರೆ. ಸರ್ಟಿಫಿಕೇಟ್ ಇಟ್ಟು ಉಕ್ಕು ಮಾರಿದ ಊರಿನ ಮೊಮ್ಮಕ್ಕಳು ಕಾಗದವೇ ಇಲ್ಲದ ಗಾಡಿಗೆ ಅಡ್ವಾನ್ಸ್ ಕೊಡುವುದು ಸರಿಯೇ?

ಇದು ಕೊಳ್ಳುವವರೊಬ್ಬರಿಂದಲೇ ಆಗುವ ಕೆಲಸವಲ್ಲ ಎಂಬುದೂ ನಿಜ. ಆರ್‌ಟಿಒ ಕಚೇರಿಯವರು ಕ್ಯಾರವಾನ್ ಮಾಡಿಸುವವರಿಗೆ ಬೇಕಾದ ಅನುಮತಿ, ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಲಿ. ಈ ವ್ಯವಹಾರಕ್ಕೆ ಸಾಲ ಕೊಡುವ ಬ್ಯಾಂಕುಗಳು ಕೊಟೇಶನ್ ಜೊತೆ ವೇಬ್ರಿಡ್ಜ್ ಚೀಟಿಯನ್ನೂ ಕೇಳಲಿ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹೆಸರಿನಲ್ಲಿ ಪ್ರತಿ ವರ್ಷ ಅದೇ ಹಳೆಯ ಮಾದರಿಗಳು ತಿರುಗುತ್ತಿವೆ. ಅದರ ಬದಲು ಇಂಥ ಗಾಡಿಗಳ ತೂಕ, ಸೀಟಿನ ಬಿಗಿತ, ಗಾಳಿಯಾಟ ಪರೀಕ್ಷಿಸಿ ವರದಿ ಕೊಡುವುದನ್ನೇ ಪ್ರಾಜೆಕ್ಟ್ ಮಾಡಿದರೆ ನಮಗೂ ಕಲಿಕೆ, ಊರಿಗೂ ಉಪಕಾರ.

ಅಣ್ಣ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮನೆಯಲ್ಲಿ ‘ಇವನು ಓದಿ ಓದಿ ಎಲ್ಲದಕ್ಕೂ ಕೊಂಕು ತೆಗೀತಾನೆ’ ಎಂದು ನನಗೆ ಬೈಗುಳವೂ ಸಿಗುತ್ತಿದೆ. ಬೈಸಿಕೊಳ್ಳಲು ನಾನು ತಯಾರು. ದೊಡ್ಡಮ್ಮನ ಒಡವೆಯನ್ನು ದುಡಿದು ಬಿಡಿಸಿಕೊಳ್ಳಬಹುದು. ಗಾಡಿಯೊಳಗೆ ನಿದ್ದೆ ಹೋದವರ ಜೀವ ಹಾಗಲ್ಲ.

ಗೆಳೆಯರೇ, ಕ್ಯಾಂಪರ್‌ವ್ಯಾನ್ ಕೊಳ್ಳಿ, ಮಲೆನಾಡನ್ನು ಜಗತ್ತಿಗೆ ತೋರಿಸಿ, ನಾಲ್ಕು ಕಾಸು ಸಂಪಾದಿಸಿ. ಆದರೆ ಮಾರುವವರು ಎಲ್‌ಇಡಿ ದೀಪದ ಸ್ವಿಚ್ ಒತ್ತುವ ಮೊದಲೇ ಆರ್‌ಸಿ ಮತ್ತು ತೂಕದ ಚೀಟಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಸುಮ್ಮನೆ ಎದ್ದು ಬನ್ನಿ.