ಸಾಕುಪ್ರಾಣಿಗಳ ಸಂತಾನವೂ ಗೃಹಸ್ಥರ ಹೊಣೆಯೂ

ಬೆಂಗಳೂರಿನ ಉತ್ತರಭಾಗದಲ್ಲಿ, ಹೆಬ್ಬಾಳ ಯಲಹಂಕಗಳ ಕಡೆ, ಮಳೆಗಾಲ ಕಳೆದ ಮೇಲೆ ಕೆರೆಯ ಏರಿಯ ಮೇಲೋ, ದೇವಸ್ಥಾನದ ಹಿಂಬದಿಯಲ್ಲೋ, ಖಾಲಿ ನಿವೇಶನದ ಕಸದ ಬಳಿಯಲ್ಲೋ ರಟ್ಟಿನ ಪೆಟ್ಟಿಗೆಯೊಂದು ಕಾಣಿಸಿಕೊಳ್ಳುವುದು ಹೊಸತಲ್ಲ. ಅದರೊಳಗೆ ಹಳೆಯ ಸೀರೆಯ ತುಂಡನ್ನು ಹಾಸಿ, ಇನ್ನೂ ಕಣ್ಣು ಸರಿಯಾಗಿ ತೆರೆಯದ ನಾಲ್ಕಾರು ಮರಿಗಳನ್ನು ಇಟ್ಟಿರುತ್ತಾರೆ. ಎತ್ತಿ ನೋಡಿದರೆ ಬಹುಪಾಲು ಹೆಣ್ಣೇ. ಬೀದಿಯ ನಾಯಿಯು ತನ್ನ ಮರಿಗಳನ್ನು ಪೆಟ್ಟಿಗೆಯಲ್ಲಿ ಇಡಲಾರದು. ಸೀರೆಯನ್ನು ಹಾಸಲೂ ಅರಿಯದು. ಈ ಕಾರ್ಯವು ಗೃಹಸ್ಥರದು. ಅದರಲ್ಲಿಯೂ ವಿದ್ಯಾವಂತರೂ ದಯಾವಂತರೂ ಎನಿಸಿಕೊಂಡವರದು. ಸೀರೆಯ ತುಂಡೇ ಆ ದಯೆಗೆ ಸಾಕ್ಷಿ!

ಇದೇ ಮನೆಗಳವರು ಬೀದಿನಾಯಿಗಳ ಹಾವಳಿಯನ್ನು ಕುರಿತು ನಗರಾಡಳಿತಕ್ಕೆ ಬರೆಯುವ ಬಿನ್ನವತ್ತಳೆಗಳಿಗೂ ಸಹಿ ಹಾಕುವರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತೆಂಬ ಗಾದೆಯು ಇಲ್ಲಿ ಅಕ್ಷರಶಃ ಸಾರ್ಥಕವಾಗಿದೆ. ಹಾವಳಿಯು ಸುಳ್ಳೆಂದು ಯಾರೂ ಹೇಳುವಂತಿಲ್ಲ. 2024ರ ಆಗಸ್ಟ್ ತಿಂಗಳಲ್ಲಿ ಜಾಲಹಳ್ಳಿಯ ವಾಯುಪಡೆಯ ವಸತಿಪ್ರದೇಶದಲ್ಲಿ ವೃದ್ಧೆಯೊಬ್ಬರು ನಾಯಿಗಳ ಹಿಂಡಿಗೆ ಸಿಕ್ಕಿ ಮೃತರಾದರು. 2007ರ ಆರಂಭದಲ್ಲಿ ಇದೇ ಊರಿನಲ್ಲಿ ಎರಡು ಎಳೆಯ ಮಕ್ಕಳು ಬಲಿಯಾದಾಗ ಜನರ ಕೋಪವು ಉಕ್ಕಿ, ನಾಯಿಗಳನ್ನು ಹಿಡಿದು ಕೊಲ್ಲುವ ಕೆಲಸವೂ ನಡೆಯಿತು. ಕೊಂದದ್ದರಿಂದ ಆದುದೇನು? 2019ರ ಎಣಿಕೆಯಲ್ಲಿ ನಗರದ ಬೀದಿನಾಯಿಗಳು ಸುಮಾರು 3 ಲಕ್ಷ 10 ಸಾವಿರ. ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆಯನ್ನೂ ಹುಚ್ಚುನಾಯಿರೋಗದ ಲಸಿಕೆಯನ್ನೂ ಕೊಟ್ಟು ಮರಳಿ ಬಿಡುವ ಕ್ರಮವು ನಡೆದ ಮೇಲೆ, 2023ರ ಎಣಿಕೆಯಲ್ಲಿ ಆ ಸಂಖ್ಯೆಯು ಸುಮಾರು 2 ಲಕ್ಷ 79 ಸಾವಿರಕ್ಕೆ ಇಳಿಯಿತು. ಅವುಗಳಲ್ಲಿ ನೂರಕ್ಕೆ ಸುಮಾರು 72ಕ್ಕೆ ಚಿಕಿತ್ಸೆಯಾಗಿತ್ತೆಂದು ಕಂಡುಬಂದಿತು. ಇಳಿಕೆಯು ಅಲ್ಪವೇ, ಆದರೆ ಇಳಿಕೆಯೇ. ಸಾರ್ವಜನಿಕರ ಹಣದಿಂದ ಒಂದು ಕಡೆ ತೂಬನ್ನು ಮುಚ್ಚುತ್ತಿರಲು, ಗೃಹಸ್ಥರು ಇನ್ನೊಂದು ಕಡೆಯಿಂದ ಬಿಂದಿಗೆ ಬಿಂದಿಗೆಯಾಗಿ ನೀರನ್ನು ಸುರಿಯುತ್ತಿರುವರೆಂಬುದೇ ಇಲ್ಲಿನ ವಿವಾದ.

ಮನೆಯ ನಾಯಿಗೆ ಚಿಕಿತ್ಸೆ ಮಾಡಿಸಿರೆಂದರೆ ಮೊದಲು ಏಳುವ ಪೂರ್ವಪಕ್ಷವು ಧರ್ಮದ್ದು. ಸೃಷ್ಟಿಕ್ರಮಕ್ಕೆ ಕೈಹಾಕುವುದು ಪಾಪವಲ್ಲವೆ, ಮೂಕಪ್ರಾಣಿಯ ಸಂತಾನವನ್ನು ಕಡಿಯುವ ಅಧಿಕಾರವು ಮನುಷ್ಯನಿಗೆಲ್ಲಿಯದು, ಎಂದು ಕೇಳುವರು. ಕೇಳುವವರು ಸಾಮಾನ್ಯವಾಗಿ ನಾಯಿಗೆ ಸರಪಳಿ ಹಾಕಿದವರು; ಅದು ಬೇಟೆಯಾಡದಂತೆ, ಅಲೆಯದಂತೆ, ಹೊತ್ತಲ್ಲದ ಹೊತ್ತಿನಲ್ಲಿ ಬೊಗಳದಂತೆ ಪಳಗಿಸಿದವರು; ಅಂಗಡಿಯ ಆಹಾರವನ್ನು ತೂಗಿ ಬಡಿಸುವವರು. ಸೃಷ್ಟಿಕ್ರಮವೆಲ್ಲವನ್ನೂ ಗೇಟಿನ ಹೊರಗೆ ನಿಲ್ಲಿಸಿ, ಈ ಒಂದನ್ನು ಮಾತ್ರ ಒಳಗೆ ಬಿಟ್ಟುಕೊಂಡದ್ದು ಯಾವ ನ್ಯಾಯದಿಂದ? ಇವರ ಅಜ್ಜಂದಿರು ಹೋರಿಗಳ ಬೀಜವನ್ನು ಒಡೆಸಿ ನೇಗಿಲಿಗೆ ಹೂಡಿದರು. ಅದೂ ಅರಿವಳಿಕೆಯಿಲ್ಲದ ಕಾಲದಲ್ಲಿ. ಆ ಎತ್ತು ಉತ್ತ ಹೊಲದ ಅನ್ನವನ್ನುಂಡು ಬೆಳೆದ ವಂಶವು ಇಂದು ನಾಯಿಯ ವಿಷಯದಲ್ಲಿ ಮಾತ್ರ ಧರ್ಮಸಂಕಟಕ್ಕೆ ಒಳಗಾಗಿರುವುದು ವಿಚಿತ್ರ. ಅಶೋಕನ ಐದನೆಯ ಸ್ತಂಭಶಾಸನವನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ತಿಳಿದಿರುವುದು. ಪ್ರಾಣಿಹಿಂಸೆಯನ್ನು ಅಷ್ಟು ಕಟ್ಟುನಿಟ್ಟಾಗಿ ಕಡಿಮೆಮಾಡಹೊರಟ ಆ ರಾಜನು ಹೋರಿ, ಹೋತ, ಟಗರು, ಹಂದಿಗಳ ಬೀಜವೊಡೆಯುವುದನ್ನು ಅಷ್ಟಮಿ ಚತುರ್ದಶಿ ಮುಂತಾದ ಕೆಲವು ದಿನಗಳಲ್ಲಿ ನಿಷೇಧಿಸಿದನೇ ಹೊರತು ಮೂಲದಲ್ಲಿಯೇ ನಿಲ್ಲಿಸಲಿಲ್ಲ. ಇಂದಿನ ಶಾಸನವಾದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ವಿಧಿಪೂರ್ವಕವಾಗಿ ಮಾಡಿದ ಈ ಕ್ರಿಯೆಯನ್ನು ಹಿಂಸೆಯೆಂದು ಎಣಿಸುವುದಿಲ್ಲ. ಅದು ಅಪರಾಧವೆಂದು ಎಣಿಸುವುದು ಬೇರೊಂದನ್ನು: ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದನ್ನು. ರಟ್ಟಿನ ಪೆಟ್ಟಿಗೆಯವರು ಇದನ್ನು ಗಮನಿಸಬಹುದು. ಮೊದಲ ತಪ್ಪಿಗೆ ದಂಡವು 10 ರೂಪಾಯಿಯಿಂದ 50 ರೂಪಾಯಿವರೆಗೆ ಮಾತ್ರವಾದುದರಿಂದ ಯಾರೂ ಗಮನಿಸಿದಂತೆ ತೋರುವುದಿಲ್ಲ.

ಇನ್ನು ಪುರಾಣವನ್ನು ಎತ್ತುವವರುಂಟು. ಧರ್ಮರಾಯನು ನಾಯಿಗೋಸ್ಕರ ಸ್ವರ್ಗವನ್ನೇ ಬೇಡವೆಂದನಲ್ಲವೆ ಎಂಬುದು ಅವರ ಪ್ರಶ್ನೆ. ಹೌದು. ಆದರೆ ಅಲ್ಲಿ ಧರ್ಮರಾಯನು ಒಲ್ಲೆನೆಂದದ್ದು ಏನನ್ನು? ನಂಬಿ ಬಂದುದನ್ನು ನಡುದಾರಿಯಲ್ಲಿ ಬಿಟ್ಟುಹೋಗುವುದನ್ನು. ಮಹಾಪ್ರಸ್ಥಾನಿಕ ಪರ್ವವು ಪರಿತ್ಯಾಗದ ವಿಚಾರವೇ ಹೊರತು ಸಂತಾನದ ವಿಚಾರವಲ್ಲ. ಅದೇ ಭಾರತದ ಆದಿಪರ್ವದಲ್ಲಿ ದೇವಶುನಿಯಾದ ಸರಮೆಯ ಮಗನು ಹವಿಸ್ಸನ್ನು ಮುಟ್ಟದಿದ್ದರೂ ಜನಮೇಜಯನ ತಮ್ಮಂದಿರಿಂದ ಏಟು ತಿಂದನು. ತಾಯಿಯು ಯಜ್ಞಶಾಲೆಗೇ ಬಂದು, ತಪ್ಪುಮಾಡದವನನ್ನು ಏಕೆ ಹೊಡೆದಿರೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಏರಿಯ ಮೇಲೆ ಬಿಟ್ಟ ಮರಿಗಳ ಪರವಾಗಿ ಅದೇ ಪ್ರಶ್ನೆಯನ್ನು ಕೇಳಿದರೆ ಗೃಹಸ್ಥರಲ್ಲಿಯೂ ಉತ್ತರವಿರುವಂತಿಲ್ಲ.

ಎರಡನೆಯ ಮಾತು ಹೆಂಗಸರ ಕಡೆಯಿಂದ ಬರುವುದೆಂದು ಗಂಡಸರು ಹೇಳುವರು. ವಾಸ್ತವವಾಗಿ ಇಬ್ಬರೂ ಹೇಳುವರು. "ಒಂದು ಸೂಲಾದರೂ ಆಗಲಿ, ತಾಯ್ತನದ ಸುಖವನ್ನು ಕಾಣಲಿ, ಮೈಗೂ ಒಳ್ಳೆಯದು." ಮೈಗೆ ಒಳ್ಳೆಯದೆಂಬುದಕ್ಕೆ ಪಶುವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಚಿಕಿತ್ಸೆಯಾಗದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗವು ಬರುವುದುಂಟು. ತಡಮಾಡಿದರೆ ಅದು ಪ್ರಾಣಾಪಾಯಕರ. ಮೊದಲ ಬೆದೆಗೆ ಮುಂಚೆಯೇ ಚಿಕಿತ್ಸೆಯಾದ ಹೆಣ್ಣಿಗೆ ಕೆಚ್ಚಲಿನ ಗಂತಿಯ ಭಯವು ಬಹಳ ಕಡಿಮೆ. ಬೆದೆಗಳು ಕಳೆದಂತೆ ಆ ರಕ್ಷಣೆಯು ಕುಗ್ಗುವುದು. ತಾಯ್ತನದ ಸುಖವನ್ನು ಕುರಿತು ಹೇಳುವುದಾದರೆ, 63 ದಿವಸ ಹೊತ್ತು ಹೆತ್ತ ಮರಿಗಳನ್ನು ಮೂರನೆಯ ವಾರದಲ್ಲಿ ಯಾರೋ ಪೆಟ್ಟಿಗೆಯಲ್ಲಿ ತುಂಬಿ ಒಯ್ದ ಮೇಲೆ, ಮೂಲೆಮೂಲೆಯನ್ನು ಮೂಸಿಕೊಂಡು ತಿರುಗುವ ತಾಯಿಯನ್ನು ಕಂಡವರು ಆ ಸುಖದ ಮಾತನ್ನು ಆಡಲಾರರು.

ಮರಿಗಳಿಗೆಲ್ಲ ಒಳ್ಳೆಯ ಮನೆ ಸಿಗುವುದೆಂಬುದು ಇನ್ನೊಂದು ಭರವಸೆ. ಮೊದಲ ಸೂಲಿನ ಗಂಡುಮರಿಗಳಿಗೆ ಸಿಗುವುದು. ಹೆಣ್ಣುಮರಿಯನ್ನು ಒಯ್ದವನು ಆರೇಳು ತಿಂಗಳಲ್ಲಿ ಅದು ಬೆದೆಗೆ ಬಂದು ಬಾಗಿಲಿನ ಮುಂದೆ ಗಂಡುನಾಯಿಗಳ ಸಂತೆ ಸೇರಿದಾಗ ಕೈಬಿಡುವನು. ವರ್ಷಕ್ಕೆ ಎರಡು ಸಲ ಬೆದೆ, ಸೂಲಿಗೆ ನಾಲ್ಕೈದು ಮರಿ. ಲೆಕ್ಕವನ್ನು ಮಾಡಿ ನೋಡಲು ಲೀಲಾವತಿಯನ್ನು ಓದಿರಬೇಕಾಗಿಲ್ಲ.

ಗಂಡುನಾಯಿಯನ್ನು ಸಾಕಿದವರು ಈ ವಿಚಾರವು ತಮ್ಮದಲ್ಲವೆಂದು ಸುಮ್ಮನಿರುವರು. ಇದು ಎಲ್ಲಕ್ಕಿಂತ ದೊಡ್ಡ ಅವಿಚಾರ. ಹೊತ್ತು ಹೆರುವ ಕಷ್ಟವು ಗಂಡಿಗಿಲ್ಲವಾದುದರಿಂದ ಯಜಮಾನನಿಗೂ ಹೊಣೆಯಿಲ್ಲವೆಂಬ ಈ ತರ್ಕವು ಮನುಷ್ಯರ ಸಂಸಾರದಿಂದ ಕಲಿತದ್ದಿರಬೇಕು. ಬೆದೆಯ ವಾಸನೆಗೆ ಗೋಡೆ ಹಾರಿ ಹೋದ ಗಂಡುನಾಯಿಯು ಬಳ್ಳಾರಿ ರಸ್ತೆಯಂಥ ಹೆದ್ದಾರಿಯಲ್ಲಿ ಮೋಟಾರಿಗೆ ಸಿಕ್ಕುವುದೂ, ಕಾದಾಡಿ ಗಾಯಗೊಂಡು ಮರಳುವುದೂ, ಕೂಡುವಿಕೆಯಿಂದ ಹರಡುವ ಗಂತಿಯನ್ನು ತರುವುದೂ ವೈದ್ಯರಿಗೆ ಹೊಸತಲ್ಲ. ಬೆಕ್ಕಿನ ವಿಷಯದಲ್ಲಂತೂ ಯಾರಿಗೂ ಒಡೆತನವೇ ಇಲ್ಲ. ಹಾಲು ಹಾಕುವಾಗ ಅದು ಮನೆಯ ಬೆಕ್ಕು, ಮರಿ ಹಾಕಿದಾಗ ಪಕ್ಕದ ಮನೆಯದು! ಆದರೆ ಹೆಣ್ಣುಬೆಕ್ಕು ಐದು ತಿಂಗಳಿಗೇ ಗರ್ಭ ಧರಿಸಬಲ್ಲದು. ಮೊದಲ ಮರಿಗಳು ಹಾಲು ಬಿಡುವುದರೊಳಗೆ ಮತ್ತೆ ಬೆದೆಗೆ ಬರುವುದೂ ಉಂಟು.

ಇದಕ್ಕೆ ವಿರೋಧವಾಗಿ ಹೇಳಬಹುದಾದ ನಿಜವೂ ಇದೆ. ಅದನ್ನು ಮುಚ್ಚಿಡುವುದು ವಾದಕ್ಕೆ ಶೋಭೆಯಲ್ಲ. ಚಿಕಿತ್ಸೆಯಾದ ಪ್ರಾಣಿಯು ಕೊಬ್ಬುವುದುಂಟು; ಊಟವನ್ನು ಸ್ವಲ್ಪ ತಗ್ಗಿಸಿ ನಡಿಗೆಯನ್ನು ಹೆಚ್ಚಿಸಬೇಕು. ದೊಡ್ಡ ಜಾತಿಯ ಕೆಲವು ನಾಯಿಗಳಿಗೆ ತೀರ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೀಲುಗಳ ತೊಂದರೆ ಹೆಚ್ಚೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಆದುದರಿಂದ ಯಾವ ವಯಸ್ಸಿನಲ್ಲೆಂಬುದನ್ನು ವೈದ್ಯರೇ ನಿರ್ಣಯಿಸತಕ್ಕದ್ದು. ಯಾವಾಗ ಎಂಬ ಪ್ರಶ್ನೆಗೆ ಇದು ಉತ್ತರ, ಬೇಡವೆಂಬುದಕ್ಕೆ ಆಧಾರವಲ್ಲ.

ಕಾನೂನನ್ನು ಬರೆದವರು ಕೂಡ ಇದನ್ನು ಕಂಡಿದ್ದಾರೆ. 2023ರ ಪ್ರಾಣಿಸಂತಾನ ನಿಯಂತ್ರಣ ನಿಯಮಗಳು ಸಾಕಿದ ಪ್ರಾಣಿಯ ಹೊಣೆಯನ್ನು ಒಡೆಯನ ಮೇಲೆಯೇ ಹೊರಿಸಿವೆ. 2017ರ ನಿಯಮಗಳಂತೆ ನಾಯಿಮರಿಗಳ ವ್ಯಾಪಾರ ಮಾಡುವವನು ನೋಂದಣಿ ಮಾಡಿಸತಕ್ಕದ್ದು. ಎಂಟು ವಾರ ತುಂಬದ ಮರಿಯನ್ನು ಮಾರತಕ್ಕದ್ದಲ್ಲ. ಆದರೂ ಖರ್ಚು ಹುಟ್ಟಲೆಂದು ಮನೆಯಲ್ಲಿಯೇ ಒಂದೆರಡು ಸೂಲು ಮಾರಿಕೊಳ್ಳುವ ಸಭ್ಯರು ಕಡಿಮೆಯಿಲ್ಲ. 2018ರಲ್ಲಿ ಫ್ಲ್ಯಾಟಿಗೆ ಒಂದೇ ನಾಯಿಯೆಂಬ ನಿಯಮವನ್ನು ಪಾಲಿಕೆಯು ತರಹೊರಟಾಗ ಊರೇ ಎದ್ದು ನಿಂತಿತು, ನಿಯಮವೂ ಬಿದ್ದುಹೋಯಿತು. ಸಾಕುವ ಹಕ್ಕಿಗಾಗಿ ಎದ್ದವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ನಾಯಿಯನ್ನು ಶಸ್ತ್ರಶಾಲೆಗೆ ಒಯ್ದರು?

ಒಯ್ಯಲು ದೂರವೇನೂ ಇಲ್ಲ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜು ಇದೆ; ಯಶವಂತಪುರ, ರವೀಂದ್ರನಾಥ ಠಾಕೂರ್ ನಗರ, ಯಲಹಂಕ ಎಲ್ಲಿಂದ ಹೊರಟರೂ ಅಲ್ಪಾವಧಿಯ ದಾರಿ. ಪ್ರಾಣಿಗೆ ಅರಿವಳಿಕೆ ಕೊಡುವರಾದುದರಿಂದ ಹಿಂದಿನ ರಾತ್ರಿಯಿಂದ ವೈದ್ಯರು ಹೇಳಿದಂತೆ ಊಟವನ್ನು ನಿಲ್ಲಿಸತಕ್ಕದ್ದು. ಗಂಡುಪ್ರಾಣಿಯ ಶಕ್ತಿಯು ಚಿಕಿತ್ಸೆಯ ಮೇಲೂ ಕೆಲವು ವಾರ ಉಳಿಯಬಹುದಾದುದರಿಂದ ಅಷ್ಟು ಕಾಲ ಹೊರಗೆ ಬಿಡಬಾರದು. ಹೆಣ್ಣಾದರೆ ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಬುಟ್ಟಿಯಾಕಾರದ ಪಟ್ಟಿಯನ್ನು ಕಟ್ಟಿ, ಹತ್ತು ಹನ್ನೆರಡು ದಿವಸ ಮನೆಯವರು ಸರದಿಯಂತೆ ಕಾದರೆ ಸಾಕು.