ಕ್ಲಾಸಿನ ಆಚೆಗೂ ಪಾಠ ಮಾಡಿದ ಮೇಷ್ಟ್ರು

ಏಪ್ರಿಲ್ 30 ಬಂತೆಂದರೆ ಪ್ರೊ. ಬಿ. ಕೃಷ್ಣಪ್ಪ ನೆನಪಾಗುತ್ತಾರೆ. 1997ರಲ್ಲಿ ಅವರು ತೀರಿಕೊಂಡದ್ದು ನಮ್ಮ ಪಕ್ಕದ ಗದಗಿನಲ್ಲೇ.

1938ರಲ್ಲಿ ಹರಿಹರದ ದಲಿತ ಕುಟುಂಬದಲ್ಲಿ ಹುಟ್ಟಿದವರು. ಓದಿ, ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದರು. ಕೈಗೆ ಸಂಬಳ, ಊರಲ್ಲಿ ಮರ್ಯಾದೆ, ಎರಡೂ ಇತ್ತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು, ಅಲ್ವಾ? ಇರಲಿಲ್ಲ. 70ರ ದಶಕದಲ್ಲಿ ಗೆಳೆಯರ ಜೊತೆ ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ನಮಗೆ ಹೆಂಡ ಬೇಡ, ವಸತಿ ಶಾಲೆ ಕೊಡಿ, ಉಳಲು ಭೂಮಿ ಕೊಡಿ ಅಂತ ಡಿಎಸ್ಸೆಸ್ ಬೀದಿಗಿಳಿಯಿತು. ಆ ಬೇಡಿಕೆಯಲ್ಲೇ ಒಬ್ಬ ಮೇಷ್ಟ್ರ ಮನಸ್ಸು ಕಾಣುತ್ತೆ.

ಇದೆಲ್ಲ ಹಳೇ ಕಾಲದ ಮಾತು ಅನ್ನಿಸ್ತಾ? ನಮ್ಮ ಕುಷ್ಟಗಿ ತಾಲ್ಲೂಕಿನ ಮಿಯಾಪುರ ನೆನಪಿಸಿಕೊಳ್ಳಿ. 2021ರ ಸೆಪ್ಟೆಂಬರ್. ಎರಡು ವರ್ಷದ ದಲಿತ ಮಗು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧ ಮಾಡಬೇಕು ಅಂತ ಅಪ್ಪನಿಗೆ 25 ಸಾವಿರ ರೂಪಾಯಿ ದಂಡ ಕೇಳಿದರು. ಮಗುವಿಗೆ ಜಾತಿ ಗೊತ್ತಿರಲಿಲ್ಲ, ದೊಡ್ಡವರಿಗೆ ಗೊತ್ತಿತ್ತು. ಆಮೇಲೆ ಕೇಸಾಯಿತು, ಬಂಧನವೂ ಆಯಿತು.

ಪೊಲೀಸರು ಬರೋದು ತಪ್ಪು ನಡೆದ ಮೇಲೆ. ಅದಕ್ಕೂ ಮೊದಲೇ ಮನಸ್ಸು ತಿದ್ದೋ ಕೆಲಸ ಮೇಷ್ಟ್ರುಗಳದ್ದು. ಓದಿ ಕೆಲಸ ಹಿಡಿದ ನಮ್ಮದೂ ಹೌದು. ಬೆಂಗಳೂರಿಂದ ಜಾತ್ರೆಗೆ ಊರಿಗೆ ಹೋಗ್ತೀವಿ, ಫೋಟೊ ಹಾಕ್ತೀವಿ. ಈ ಸಲ ಇನ್ನೊಂದು ಮಾಡೋಣ. ಚಹಾದಂಗಡಿಯಲ್ಲಿ ಯಾರಿಗಾದರೂ ಬೇರೆ ಲೋಟ ಇಟ್ಟಿದ್ದರೆ, ಗುಡಿಯ ಹೊಸ್ತಿಲಲ್ಲಿ ಯಾರನ್ನಾದರೂ ತಡೆದರೆ, "ಯಾಕ್ರಿ?" ಅಂತ ಕೇಳೋಣ. ಕೇಳಿದವರು ನಮ್ಮ ಮನೆಯವರೇ ಅಂತ ಗೊತ್ತಾದಾಗ ಹಿರಿಯರಿಗೆ ಉತ್ತರ ಕೊಡೋದು ಕಷ್ಟ ಆಗುತ್ತೆ. ಆಗಲಿ ಬಿಡಿ.