ಮೈಕ್ ಆಮೇಲೆ, ಮೊದಲು ಕಂಬಳಿ

ಎರಡು ವಾರದಿಂದ ನಮ್ಮ ಸಂಘದ ಗ್ರೂಪಿನಲ್ಲಿ ಒಂದೇ ಚರ್ಚೆ. ಫೆಸ್ಟಿನಲ್ಲಿ ಉಳಿದ ದುಡ್ಡಿಗೆ ಒಂದು ಒಳ್ಳೆ ಕಂಡೆನ್ಸರ್ ಮೈಕ್ ತಗೊಳ್ಳೋಣ, ರಾಜ್ಯೋತ್ಸವಕ್ಕೆ ನಾವೇ ಹಾಡು ರೆಕಾರ್ಡ್ ಮಾಡಿ ಬಿಡೋಣ ಅಂತ. ಹಾಡು ಬಿಡೋದಕ್ಕೆ ನಮ್ಮ ಪೂರ್ತಿ ಒಪ್ಪಿಗೆ ಇದೆ, ಮೈಕ್ ತಗೊಳ್ಳೋದಕ್ಕೆ ಇಲ್ಲ. ಸಂಘದಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಅಂತ ತಲೆ ಕೆಡಿಸಿಕೊಂಡಿರುವ ನಾವು ನಾಲ್ಕು ಜನ ಯಾಕೆ ಬೇಡ ಅಂತಿದ್ದೀವಿ ಅನ್ನೋದನ್ನ ಇಲ್ಲೇ ಬರೀತಿದ್ದೀವಿ. ಗ್ರೂಪಲ್ಲಿ ಬರೆದರೆ ಸ್ಟಿಕರ್‌ಗಳ ಮಧ್ಯೆ ಕಳೆದುಹೋಗುತ್ತೆ.

ಮೊದಲ ಕಾರಣ ನಮ್ಮ ರೂಮು. ಹಾಸ್ಟೆಲ್ ರೂಮು ಅಂದರೆ ನಾಲ್ಕು ಬೋಳು ಗೋಡೆ, ಟೈಲ್ಸ್ ನೆಲ, ಒಂದು ಕಬ್ಬಿಣದ ಬೀರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಗೋಡೆ ಒಂದೂವರೆ ಮೀಟರ್ ದೂರದಲ್ಲಿದ್ದರೆ ನಮ್ಮ ದನಿ ಹೋಗಿ ವಾಪಸ್ ಬರೋಕೆ 9 ಮಿಲಿಸೆಕೆಂಡೂ ಬೇಡ. ಇಷ್ಟು ಬೇಗ ಬಂದರೆ ಅದು ಪ್ರತಿಧ್ವನಿ ಅಂತ ಬೇರೆಯಾಗಿ ಕೇಳಿಸಲ್ಲ, ಅಸಲಿ ದನಿಗೇ ಅಂಟಿಕೊಳ್ಳುತ್ತೆ. ಕೆಲವು ಫ್ರೀಕ್ವೆನ್ಸಿ ಹೆಚ್ಚಾಗುತ್ತೆ, ಕೆಲವು ಸತ್ತುಹೋಗುತ್ತೆ. ಎಲ್ಲ ಹಾಸ್ಟೆಲ್ ರೆಕಾರ್ಡಿಂಗೂ ಬಚ್ಚಲುಮನೆಯಲ್ಲಿ ಹಾಡಿದ ಹಾಗಿರೋದು ಇದಕ್ಕೇ. ಇಂಥ ರೂಮಿಗೆ ಸೂಕ್ಷ್ಮವಾದ ಮೈಕ್ ತಂದಿಟ್ಟರೆ ಅದು ಇದನ್ನೆಲ್ಲ ಇನ್ನೂ ಚೆನ್ನಾಗಿ ಹಿಡಿಯುತ್ತೆ. ಜೊತೆಗೆ ಫ್ಯಾನು, ಕಾರಿಡಾರಿನ ಬಕೆಟ್ ಸದ್ದು, ಪಕ್ಕದ ರೂಮಿನ ಕ್ರಿಕೆಟ್ ಕಾಮೆಂಟರಿ ಫ್ರೀ.

ಇದಕ್ಕೆ ಮದ್ದು ದುಡ್ಡಲ್ಲ, ಕಂಬಳಿ. ಹಾಡುವವರ ಬೆನ್ನ ಹಿಂದೆ ಒಂದು, ಎರಡೂ ಪಕ್ಕ ಒಂದೊಂದು, ನೆಲಕ್ಕೆ ಜಮಖಾನ. ಸಾಧಾರಣ ಮೈಕುಗಳು ಎದುರಿಂದ ಬರೋದನ್ನ ಹೆಚ್ಚು ಹಿಡಿಯೋದರಿಂದ ಬೆನ್ನ ಹಿಂದಿನ ಕಂಬಳಿಯೇ ಮುಖ್ಯ. ಕೆಳಗಿನ ಗುಂಯ್ ಶಬ್ದಕ್ಕೆ ಕಂಬಳಿ ಸಾಲದು ಅನ್ನೋದು ನಿಜ. ಆದರೆ ಬರೀ ದನಿ ರೆಕಾರ್ಡ್ ಮಾಡುವಾಗ ಆ ಭಾಗ ಹೆಚ್ಚುಕಮ್ಮಿ ಬೇಕಾಗೇ ಇರಲ್ಲ. 80 ಹರ್ಟ್ಸ್ ಕೆಳಗಿನದ್ದನ್ನ ಫಿಲ್ಟರ್ ಹಾಕಿ ಕತ್ತರಿಸಿದರೆ ಆಯ್ತು.

ಇನ್ನೊಂದು ಪುಕ್ಕಟೆ ಉಪಾಯ ದೂರ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ ನೇರ ದನಿ 6 ಡೆಸಿಬೆಲ್ ಏರುತ್ತೆ, ರೂಮಿನ ಸದ್ದು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಎರಡು ಅಡಿ ದೂರ ನಿಂತು ಹಾಡೋ ಬದಲು ಒಂದು ಗೇಣಿನಷ್ಟು ಹತ್ತಿರ ಬನ್ನಿ. ಪ, ಬ, ಭ ಬಂದಾಗ ಗಾಳಿ ಹೊಡೆಯುತ್ತೆ ಅಂದರೆ ಮೈಕನ್ನ ಬಾಯಿಗೆ ನೇರ ಇಡದೆ ಸ್ವಲ್ಪ ಓರೆಯಾಗಿ ಇಡಿ.

ಸಾಮಾನು ಕಮ್ಮಿ ಇದ್ದರೂ ಆಗುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ಆಲ್ಬಂ 'ನೆಬ್ರಾಸ್ಕಾ'. ನ್ಯೂಜೆರ್ಸಿಯ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಮಾಡಿದ್ದು. ಆಮೇಲೆ ಬ್ಯಾಂಡ್ ಜೊತೆ ಸ್ಟುಡಿಯೋದಲ್ಲೂ ಮಾಡಿ ನೋಡಿದರು, ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದೇ ಬಿಡುಗಡೆ ಆಯ್ತು. ನಮ್ಮ ಕಾಲದ್ದೇ ಬೇಕಾದರೆ ಬಿಲ್ಲಿ ಐಲಿಶ್ ಅವರ 2019ರ ಆಲ್ಬಂ ಇದೆ. ಅದರ ಬಹುಪಾಲು ತಯಾರಾಗಿದ್ದು ಅಣ್ಣ ಫಿನಿಯಸ್ ಅವರ ಬೆಡ್‌ರೂಮಿನಲ್ಲಿ. ಅವರ ಹತ್ತಿರ ನಮಗಿಂತ ಒಳ್ಳೆ ಮೈಕ್ ಇತ್ತು, ಒಪ್ಪಿದ್ವಿ. ಆದರೆ ನಮ್ಮ ಜೇಬಲ್ಲಿರೋ ಫೋನು ಹಾಗೂ ಲ್ಯಾಪ್‌ಟಾಪಿನ ತಾಕತ್ತು 1982ರ ಆ ಕ್ಯಾಸೆಟ್ಟಿಗೆ ಇರಲಿಲ್ಲ ಅನ್ನೋದನ್ನೂ ಒಪ್ಪಬೇಕಲ್ವಾ? 44.1 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಸಾಕು ಅಂತ ಸಿಗ್ನಲ್ಸ್ ಕ್ಲಾಸಿನಲ್ಲಿ ನೈಕ್ವಿಸ್ಟ್ ಹೆಸರಲ್ಲಿ ನಾವೇ ಬರೆದು ಮಾರ್ಕ್ಸ್ ತಗೋತೀವಿ. ಅಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಇನ್ನೇನು ಬೇಕು?

ಎರಡನೇ ಕಾರಣ ಮಿಕ್ಸಿಂಗ್, ನಮಗೆ ನಿಜವಾಗಿ ಬೇಜಾರು ಇರೋದು ಇಲ್ಲೇ. ಕಾಲೇಜುಗಳಿಂದ ಬರೋ ಕನ್ನಡ ಕವರ್ ಹಾಡುಗಳನ್ನ ಕೇಳಿ. ಗಿಟಾರ್ ಚೆನ್ನಾಗಿದೆ, ರಿವರ್ಬ್ ದೇವಸ್ಥಾನದಷ್ಟಿದೆ, ಮಾತು ಮಾತ್ರ ಕೇಳಿಸಲ್ಲ. ನಮ್ಮ ಭಾವಗೀತೆಯಲ್ಲಿ ಮಾತೇ ಮೊದಲು. ಸಿ. ಅಶ್ವತ್ಥ್ ಹಾಡಿರೋ ಯಾವುದಾದರೂ ಭಾವಗೀತೆ ಹಾಕಿ ನೋಡಿ, ಒಂದು ಅಕ್ಷರವೂ ತಪ್ಪಿಹೋಗಲ್ಲ. ನಾವು ಮಾಡಿದ್ದರಲ್ಲಿ 'ಹುಲಿ'ಗೂ 'ಹುಳಿ'ಗೂ ವ್ಯತ್ಯಾಸ ತಿಳಿಯದೇ ಹೋದರೆ ಅದು ಕನ್ನಡ ಹಾಡು ಹೇಗಾಗುತ್ತೆ? ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮ ಬಾಯಲ್ಲಿ ಆ ವ್ಯತ್ಯಾಸ ಮೊದಲೇ ತೆಳುವಾಗಿದೆ, ಅದರ ಮೇಲೆ ರಿವರ್ಬ್ ಬೇರೆ.

ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರೋದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಗಿಟಾರಿನ ಝಣಝಣವೂ ಅಲ್ಲೇ ಬಂದು ಕೂರುತ್ತೆ. ಆಗ ನಾವು ದನಿ ಏರಿಸ್ತೀವಿ, ಗಿಟಾರಿನವನು ಗಿಟಾರ್ ಏರಿಸ್ತಾನೆ, ಜಗಳ ಮುಗಿಯಲ್ಲ. ಗಿಟಾರಿನಲ್ಲಿ ಆ ಜಾಗವನ್ನ ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ, ದನಿ ತಾನಾಗೇ ಮುಂದೆ ಬರುತ್ತೆ. ರಿವರ್ಬ್ ಸಾಕು ಅನ್ನಿಸಿದ ಮೇಲೆ ಅದರಲ್ಲಿ ಅರ್ಧ ಕಮ್ಮಿ ಮಾಡಿ. ಕೊನೆಗೆ ಎಲ್ಲವನ್ನೂ ಹಿಂಡಿ ಜೋರು ಮಾಡೋ ಚಟವನ್ನೂ ಬಿಡೋಣ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿರೋದನ್ನ ತಾನೇ ತಗ್ಗಿಸುತ್ತೆ. ಉಳಿಯೋದು ಹಿಂಡಿದ ಹಾಡು ಮಾತ್ರ. ಪರೀಕ್ಷೆಯೂ ಸುಲಭ: ಆ ಹಾಡು ಗೊತ್ತಿಲ್ಲದ ಒಬ್ಬರಿಗೆ ಫೋನಿನ ಸ್ಪೀಕರಿನಲ್ಲಿ ಸಣ್ಣಗೆ ಕೇಳಿಸಿ, ಸಾಹಿತ್ಯ ಬರೆಯೋಕೆ ಹೇಳಿ. ಬರೆಯೋಕಾಗದ ಕಡೆ ಮಿಕ್ಸ್ ಸರಿಯಿಲ್ಲ.

'ಹಾಗಾದ್ರೆ ಮೈಕ್ ಬೇಡ್ವೇ ಬೇಡ್ವಾ?' ಅಂತ ಸೀನಿಯರ್ ಒಬ್ಬರು ಕೇಳಿದರು. ಬೇಕು. ಫೋನಿನ ಮೈಕಿಗೆ ಮಿತಿ ಇದೆ, ತಬಲ, ಕೊಳಲು ಎಲ್ಲ ಸೇರಿಸುವಾಗ ಅದು ಗೊತ್ತಾಗುತ್ತೆ. ಸಂಘಕ್ಕೆ ಸ್ವಂತ ಮೈಕ್ ಇದ್ದರೆ ಮುಂದಿನ ಬ್ಯಾಚಿಗೂ ಆಗುತ್ತೆ ಅನ್ನೋ ಅವರ ಮಾತೂ ಸರಿಯೇ. ಆದರೆ ರೂಮು ಸರಿಯಾಗಿ, ನಾಲ್ಕು ಹಾಡು ಮುಗಿದ ಮೇಲೆ ನಮಗೆ ಎಂಥ ಮೈಕ್ ಬೇಕು ಅಂತ ನಮಗೇ ಗೊತ್ತಿರುತ್ತೆ. ಈಗ ತಗೊಂಡರೆ ಅಂಗಡಿಯವನು ಹೇಳಿದ್ದನ್ನ ತಗೋತೀವಿ ಅಷ್ಟೇ.

ಇದರ ಹಿಂದೆ ಇನ್ನೂ ದೊಡ್ಡ ಮಾತೊಂದಿದೆ. 'ಮೈಕ್ ಬಂದ ಮೇಲೆ ಶುರು ಮಾಡೋಣ' ಅನ್ನೋ ಮಾತಿನಿಂದ ಕಾಯುತ್ತಾ ಕೂರೋದು ನಾವು ಮಾತ್ರ ಅಲ್ಲ. ನಮ್ಮ ಜೂನಿಯರ್‌ಗಳಲ್ಲಿ ಎಷ್ಟೋ ಜನರ ಮನೆಯಲ್ಲಿ ಸೋಬಾನೆ ಪದ, ಬೀಸುವ ಪದ ಹೇಳೋ ಅಜ್ಜಿಯರಿದ್ದಾರೆ. ಒಂದೊಂದು ಊರಿಗೂ ಧಾಟಿ ಬೇರೆ, ಪದ ಬೇರೆ. ಅವೆಲ್ಲವನ್ನೂ ಬರೆದಿಟ್ಟಿಲ್ಲ. ಒಳ್ಳೆ ಸಾಮಾನು ಬರಲಿ ಅಂತ ಅಜ್ಜಿ ಕಾಯೋಕಾಗಲ್ಲ. ರಜೆಗೆ ಊರಿಗೆ ಹೋದಾಗ ಫ್ಯಾನ್ ಆಫ್ ಮಾಡಿ, ಹಾಸಿಗೆ ಸುತ್ತಿಟ್ಟಿರೋ ಕೋಣೆಯಲ್ಲಿ ಕೂರಿಸಿ, ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಗೇಣು ದೂರದಲ್ಲಿ ಇಟ್ಟರೆ ಸಾಕು. ಹೆಸರು, ಊರು, ತಾರೀಖು ಶುರುವಿನಲ್ಲೇ ಹೇಳಿಸಿ. ಅಜ್ಜಿ ಒಪ್ಪಿದರೆ ಮಾತ್ರ ಬೇರೆಯವರಿಗೆ ಕೇಳಿಸಿ.

ಹಾಗಾಗಿ ಸಂಘದ ಮುಂದೆ ನಮ್ಮ ಬೇಡಿಕೆ ಇಷ್ಟು. ಮೈಕಿನ ದುಡ್ಡನ್ನ ಒಂದು ಸೆಮಿಸ್ಟರ್ ಹಾಗೇ ಇಡೋಣ. ಸಂಘದ ಸಾಮಾನು ತುಂಬಿರೋ ಸ್ಟೋರ್ ರೂಮನ್ನ ಶನಿವಾರ ಸಂಜೆ ಎರಡು ಗಂಟೆ ನಮಗೆ ಕೊಡಿ. ಹಳೇ ನಾಟಕದ ಪರದೆಗಳು ಅಲ್ಲೇ ಬಿದ್ದಿವೆ, ಗೋಡೆಗೆ ನಾವೇ ಕಟ್ತೀವಿ. ಹಾಡುವವರು ಯಾವ ಬ್ರಾಂಚಿನವರಾದರೂ ಬನ್ನಿ, ಬರುವಾಗ ಒಂದೊಂದು ಕಂಬಳಿ ತನ್ನಿ.